ಭೂಮಿಯು ಯಾರದು? ಯಾಜಕಕಾಂಡ 25ನೆಯ ಅಧ್ಯಾಯದ ಮೇಲೆ ಒಂದು ಪಾಠ

ಓದತಕ್ಕ ಭಾಗಗಳು: ಯಾಜಕಕಾಂಡ 25:1ರಿಂದ 26:2, ನೆಹೆಮೀಯ 5:1-13, ಯೆರೆಮೀಯ 32:6-27, ಲೂಕ 4:16-21.



ಯೆಹೂದ್ಯರು ಮೋಶೆಯ ಐದು ಪುಸ್ತಕಗಳನ್ನು 54 ಪಾಠಗಳಾಗಿ ವಿಭಾಗಿಸಿ, ಪ್ರತಿ ಸಬ್ಬತ್ ದಿನದಲ್ಲಿ ಒಂದನ್ನು, ಕೆಲವು ವಾರಗಳಲ್ಲಿ ಎರಡನ್ನು, ತಮ್ಮ ಸಭಾಮಂದಿರಗಳಲ್ಲಿ ಓದುತ್ತಾ ವರುಷಕ್ಕೊಮ್ಮೆ ಮುಗಿಸುತ್ತಾರೆ. ಧರ್ಮಶಾಸ್ತ್ರದ ಪಾಠವಾದ ಮೇಲೆ ಪ್ರವಾದಿಗಳ ಗ್ರಂಥದಿಂದಲೂ ಒಂದು ಭಾಗವನ್ನು ಓದುವರು. ಸಬ್ಬತ್ತಿನಲ್ಲಿ ಹೀಗೆ ಓದುವ ವಾಡಿಕೆಯು ಬಹು ಪುರಾತನವಾದದ್ದು. ಪೌಲನು ಪಿಸಿದ್ಯ ಸೀಮೆಯ ಅಂತಿಯೋಕ್ಯದಲ್ಲಿ ಸಭಾಮಂದಿರಕ್ಕೆ ಹೋದಾಗ ಈ ಎರಡು ಪಾರಾಯಣಗಳಾದ ತರುವಾಯವೇ ಅವನನ್ನು ಮಾತಾಡಬೇಕೆಂದು ಕೇಳಿಕೊಂಡರೆಂದು ಅಪೊಸ್ತಲರ ಕೃತ್ಯಗಳು 13:15ರಿಂದ ತಿಳಿಯುತ್ತದೆ.

ಆ 54 ಪಾಠಗಳಲ್ಲಿ 32ನೆಯದಕ್ಕೆ "ಬೆಹರ್" ಎಂದು ಹೆಸರು. ಇಬ್ರಿಯ ಭಾಷೆಯಲ್ಲಿ ಅದಕ್ಕೆ "ಬೆಟ್ಟದಲ್ಲಿ" ಎಂದರ್ಥ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಓದಲ್ಪಡುವ ಈ ಪಾಠವು ಸೀನಾಯಿ ಬೆಟ್ಟವನ್ನು ಹೆಸರಿಸಿ ಆರಂಭವಾಗುತ್ತದೆ. ಆದರೆ ಆ ಪರಿಶುದ್ಧ ಬೆಟ್ಟದಿಂದ ಬಂದ ಮಾತುಗಳು ಯಾವ ವಿಷಯವಾದವುಗಳು? ಹೊಲದ ಕ್ರಯ, ಸಾಲ, ಬಡ್ಡಿ, ಜೀತ ಇವುಗಳ ವಿಷಯವೇ. ಯಜ್ಞವೇದಿಯ ಕ್ರಮವನ್ನು ನೇಮಿಸಿದ ದೇವರೇ ಬಡವನ ಹೊಲದ ಕ್ರಮವನ್ನೂ ನೇಮಿಸಿದನೆಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳೋಣ.

1. ಭೂಮಿಗೂ ಸಬ್ಬತ್ತು ಉಂಟು

ಇಸ್ರಾಯೇಲ್ಯನು ಆರು ವರುಷ ಬಿತ್ತಿ ಕೊಯ್ಯಬಹುದು. ಏಳನೆಯ ವರುಷದಲ್ಲಿ ಭೂಮಿಯು ವಿಶ್ರಮಿಸಬೇಕು. ಆ ವರುಷ ತಾನಾಗಿ ಬೆಳೆದದ್ದು ಯಜಮಾನನಿಗೂ ದಾಸದಾಸಿಯರಿಗೂ ಕೂಲಿಯವನಿಗೂ ಪರದೇಶಿಗೂ ಆಹಾರ. ದನಗಳಿಗೂ ಕಾಡುಮೃಗಗಳಿಗೂ ಅದೇ ಆಹಾರ. ಹೀಗೆ ಏಳು ವರುಷಗಳಿಗೊಮ್ಮೆ ಹೊಲವುಳ್ಳವನೂ ಹೊಲವಿಲ್ಲದವನೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವರು.

"ಹಾಗಾದರೆ ನಾವು ತಿನ್ನುವದೇನು?" ಎಂದು ರೈತನು ಕೇಳದೆ ಇರುವನೋ? ಆ ಪ್ರಶ್ನೆಯು ಏಳುವದೆಂದು ದೇವರು ಮುಂದಾಗಿಯೇ ಬಲ್ಲನು; ಕೇಳಿದವನನ್ನು ಗದರಿಸುವದಿಲ್ಲ. ಆರನೆಯ ವರುಷದ ಬೆಳೆಯು ಮೂರು ವರುಷಗಳಿಗೆ ಸಾಲುವಂತೆ ಆಶೀರ್ವದಿಸುವೆನೆಂದು 21ನೆಯ ವಚನದಲ್ಲಿ ವಾಗ್ದಾನ ಮಾಡುತ್ತಾನೆ.

2. ಮಾರಲ್ಪಟ್ಟದ್ದು ಹೊಲವಲ್ಲ, ಬೆಳೆಗಳೇ

ಏಳು ಏಳು ವರುಷಗಳು, ಅಂದರೆ 49 ವರುಷಗಳು ಕಳೆದ ಮೇಲೆ, 50ನೆಯ ವರುಷವು ಜೂಬಿಲಿ ಸಂವತ್ಸರವು. ಏಳನೆಯ ತಿಂಗಳಿನ ಹತ್ತನೆಯ ದಿನದಲ್ಲಿ ದೇಶದಲ್ಲೆಲ್ಲಾ ಕೊಂಬನ್ನು ಊದಿಸಬೇಕು. ಆ ದಿನವು ಯಾವದು? ದೋಷಪರಿಹಾರದ ದಿನವೇ. ಪಾಪವು ಪರಿಹಾರವಾದ ದಿನವೇ ಬಡವನ ಬಿಡುಗಡೆಯೂ ಪ್ರಕಟವಾಗಬೇಕು. ಒಂದನ್ನು ಇಟ್ಟುಕೊಂಡು ಮತ್ತೊಂದನ್ನು ಬಿಡಲಾಗದು. ಆಗ ಪ್ರತಿಯೊಬ್ಬನು ತನ್ನ ಪಿತ್ರಾರ್ಜಿತ ಭೂಮಿಗೂ ತನ್ನ ಕುಟುಂಬಕ್ಕೂ ಹಿಂದಿರುಗುವನು.

ಆದಕಾರಣ ಇಸ್ರಾಯೇಲಿನಲ್ಲಿ ಹೊಲವನ್ನು ಶಾಶ್ವತವಾಗಿ ಮಾರುವದಕ್ಕೆ ಆಗುತ್ತಿರಲಿಲ್ಲ. ಮಾರಿದ್ದು ಬೆಳೆಗಳ ಸಂಖ್ಯೆಯನ್ನು ಮಾತ್ರ. ಒಂದು ದೃಷ್ಟಾಂತ ನೋಡಿರಿ. ಒಂದು ಬೆಳೆಯ ಬೆಲೆಯು ಹತ್ತು ಶೆಕೆಲ್ ಎಂದಿಟ್ಟುಕೊಳ್ಳೋಣ. ಜೂಬಿಲಿಗೆ ಮುಂಚೆ ಇನ್ನೂ 30 ಬೆಳೆಗಳಿದ್ದರೆ ಕ್ರಯವು 300 ಶೆಕೆಲ್. ಐದೇ ಬೆಳೆಗಳಿದ್ದರೆ 50 ಶೆಕೆಲ್. ನಮ್ಮ ಹಳ್ಳಿಗಳಲ್ಲಿ ಭೋಗ್ಯಕ್ಕೆ ಕೊಡುವದೆಂದು ಹೇಳುವ ವ್ಯವಹಾರಕ್ಕೆ ಇದು ಸಮೀಪವಾಗಿದೆ. ಇದಕ್ಕೆ ಕಾರಣವನ್ನು 23ನೆಯ ವಚನವು ಹೇಳುತ್ತದೆ: ಭೂಮಿಯು ದೇವರದು, ಉಳುವವರು ಆತನ ಬಳಿಯಲ್ಲಿ ಇಳುಕೊಂಡಿರುವ ಪರದೇಶಿಗಳು. ತನ್ನದಲ್ಲದ್ದನ್ನು ಒಬ್ಬನು ಎಂದೆಂದಿಗೂ ಮಾರುವದು ಹೇಗೆ? ಮತ್ತೊಬ್ಬನು ಎಂದೆಂದಿಗೂ ಕೊಳ್ಳುವದು ಹೇಗೆ?

ಇನ್ನೊಂದು ವಿಶೇಷವನ್ನು 29ರಿಂದ 31ರ ವರೆಗಿನ ವಚನಗಳಲ್ಲಿ ಗಮನಿಸಿರಿ. ಕೋಟೆಯುಳ್ಳ ಪಟ್ಟಣದ ಮನೆಯನ್ನು ಮಾರಿದವನು ಒಂದು ವರುಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ನಿಲ್ಲುವದು. ಕೋಟೆಯಿಲ್ಲದ ಹಳ್ಳಿಯ ಮನೆಯಾದರೋ ಹೊಲದ ಲೆಕ್ಕಕ್ಕೆ ಸೇರಿ ಜೂಬಿಲಿಯಲ್ಲಿ ಬಿಡುಗಡೆಯಾಗುವದು. ಹೊಲವಿಲ್ಲದೆ ರೈತನ ಮನೆಯಿಲ್ಲ, ಮನೆಯಿಲ್ಲದೆ ಅವನ ಬೇಸಾಯವಿಲ್ಲವೆಂಬುದನ್ನು ಈ ಶಾಸ್ತ್ರವು ಬಲ್ಲದು.

3. ಬೀಳುವವನ ನಾಲ್ಕು ಮೆಟ್ಟಲುಗಳು

ಸಹೋದರನು ಬಡವನಾದರೆ ಎಂಬ ಅರ್ಥದ ಮಾತು ಈ ಅಧ್ಯಾಯದಲ್ಲಿ ನಾಲ್ಕಾವರ್ತಿ ಬರುತ್ತದೆ: 25, 35, 39, 47ನೆಯ ವಚನಗಳಲ್ಲಿ. ಇವು ಕೆಳಗಿಳಿಯುವ ನಾಲ್ಕು ಮೆಟ್ಟಲುಗಳಂತಿವೆ. ಮೊದಲನೆಯದರಲ್ಲಿ ಅವನು ಹೊಲದಲ್ಲಿ ಸ್ವಲ್ಪವನ್ನು ಮಾರುತ್ತಾನೆ. ಆಗ ಅವನ ಸಮೀಪ ಬಂಧುವು ಬಂದು ಬಿಡಿಸಬೇಕು. ಎರಡನೆಯದರಲ್ಲಿ ಅವನ ಕೈಸೋಲುತ್ತದೆ. ಆಗ ಬಡ್ಡಿಯಿಲ್ಲದೆ ಸಾಲಕೊಟ್ಟು ಅವನನ್ನು ಉಳಿಸಿಕೊಳ್ಳಬೇಕು. ಬಡ್ಡಿಗೆ ಇಲ್ಲಿರುವ ಇಬ್ರಿಯ ಶಬ್ದವು ಕಚ್ಚುವದೆಂಬ ಅರ್ಥದ ಧಾತುವಿನಿಂದ ಹುಟ್ಟಿದೆ. ಕಚ್ಚಿಸಿಕೊಂಡವನಿಗೆ ಅದರ ಅರ್ಥವನ್ನು ಹೇಳಿಕೊಡಬೇಕಾದದ್ದಿಲ್ಲ. ಮೂರನೆಯದರಲ್ಲಿ ಅವನು ಸ್ವಜನರಿಗೆ ತನ್ನನ್ನೇ ಮಾರಿಕೊಳ್ಳುತ್ತಾನೆ. ಅವನನ್ನು ದಾಸನಂತೆ ಅಲ್ಲ, ಕೂಲಿಯವನಂತೆ ನಡಿಸಿ, ಜೂಬಿಲಿಯಲ್ಲಿ ಮಕ್ಕಳ ಸಹಿತ ಕಳುಹಿಸಬೇಕು. ನಾಲ್ಕನೆಯದರಲ್ಲಿ ಅವನು ಪರದೇಶಿಗೆ ಮಾರಲ್ಪಟ್ಟಿದ್ದಾನೆ. ಆಗಲೂ ಬಿಡಿಸುವ ಹಕ್ಕು ಬಂಧುವಿಗೆ ಉಂಟು.

ಈ ಎರಡನೆಯ ಮೆಟ್ಟಲಿನ ವಿಷಯವಾಗಿ ಫ್ರಾನ್ಸ್ ದೇಶದ ಯೆಹೂದ್ಯ ಪಂಡಿತನಾದ ರಾಶಿಯು (1040-1105) ಹಳೆಯ ಗುರುಗಳ ಒಂದು ಸಾಮ್ಯವನ್ನು ತಿಳಿಸುತ್ತಾನೆ. ಕತ್ತೆಯ ಮೇಲಿನ ಹೊರೆಯು ಜಾರುತ್ತಿರುವಾಗ ಒಬ್ಬನೇ ಹಿಡಿದು ನಿಲ್ಲಿಸಬಹುದು; ನೆಲಕ್ಕೆ ಬಿದ್ದ ಮೇಲೆ ಐವರಿಂದಲೂ ಎತ್ತಲಾಗದು. ಸಂತೆಗೆ ಹೋಗಿ ಬರುವ ಯಾವನು ಇದನ್ನು ಕಂಡಿಲ್ಲ? ನಾವಾದರೋ ಅನೇಕವೇಳೆ ನೆರೆಯವನು ಬೀಳುವದನ್ನು ನೋಡುತ್ತಾ ನಿಂತು, ಬಿದ್ದ ಮೇಲೆ ಮರುಗುತ್ತೇವೆ.

ಒಂದು ಸಂಗತಿಯನ್ನು ಮರೆಮಾಡಬಾರದು. ಈ ಅಧ್ಯಾಯದ 44ರಿಂದ 46ರ ವರೆಗಿನ ವಚನಗಳು ಅನ್ಯಜನಾಂಗದ ದಾಸರಿಗೆ ಈ ಬಿಡುಗಡೆಯನ್ನು ಕೊಡಲಿಲ್ಲ. ಹಾಗಾದರೆ ಸಹೋದರನು ಯಾರು ಎಂಬ ಪ್ರಶ್ನೆಯು ಇನ್ನೂ ಉಳಿದಿತ್ತು. ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಓದಿದವರಿಗೆ ಆ ಪ್ರಶ್ನೆಯು ಎಲ್ಲಿಗೆ ಒಯ್ಯುವದೆಂದು ತಿಳಿದಿದೆ.

4. ಈ ಧರ್ಮವು ನಡೆಯಿತೋ?

ಜೂಬಿಲಿ ಸಂವತ್ಸರವನ್ನು ಇಂಥ ಕಾಲದಲ್ಲಿ ಆಚರಿಸಿದರೆಂದು ಸತ್ಯವೇದದಲ್ಲಿ ಎಲ್ಲಿಯೂ ಬರೆದಿಲ್ಲ. ಭೂಮಿಗೆ ಸಲ್ಲಬೇಕಾದ ಸಬ್ಬತ್ತುಗಳು ಸಲ್ಲಲಿಲ್ಲವೆಂತಲೂ, ಜನರು ಸೆರೆಗೆ ಹೋದ ಕಾಲದಲ್ಲಿ ಅದು ಪಾಳುಬಿದ್ದು ಅವುಗಳನ್ನು ಅನುಭವಿಸಿತೆಂತಲೂ 2 ಪೂರ್ವಕಾಲವೃತ್ತಾಂತ 36:21ರಿಂದ ತಿಳಿಯುತ್ತೇವೆ. ಏಳನೆಯ ವರುಷದ ನೇಮವಾದರೋ ಅಳಿದುಹೋಗಲಿಲ್ಲ. 2021ರ ಸೆಪ್ಟೆಂಬರಿನಿಂದ 2022ರ ಸೆಪ್ಟೆಂಬರಿನ ವರೆಗೆ ಇಸ್ರಾಯೇಲ್ ದೇಶದಲ್ಲಿ ಅಂಥ ವರುಷವಾಗಿತ್ತು.

ಸೆರೆಯಿಂದ ತಿರಿಗಿ ಬಂದವರಲ್ಲಿಯೂ ಹಳೆಯ ರೋಗವು ಕಾಣಿಸಿತು. ಕ್ರಿಸ್ತಪೂರ್ವ 445ರಲ್ಲಿ ನೆಹೆಮೀಯನು ಯೆರೂಸಲೇಮಿಗೆ ಬಂದು ಗೋಡೆಯನ್ನು ಕಟ್ಟಿಸುತ್ತಿದ್ದನು. ಆಗ ಬಡವರು ಮೊರೆಯಿಟ್ಟರು: ಧಾನ್ಯಕ್ಕಾಗಿ ಹೊಲಗಳು ಒತ್ತೆಬಿದ್ದವು, ಅರಸನ ಕಂದಾಯಕ್ಕಾಗಿ ಸಾಲವಾಯಿತು, ಹೆಣ್ಣುಮಕ್ಕಳು ದಾಸಿಯರಾದರು. ಸಾಲಕೊಟ್ಟವರು ಶತ್ರುಗಳಲ್ಲ, ಸ್ವಜನರೇ. ನೆಹೆಮೀಯನು ತಾನೂ ತನ್ನವರೂ ಸಾಲಕೊಟ್ಟವರೆಂಬುದನ್ನು ಮುಚ್ಚಿಡದೆ, ಹೊಲಗಳನ್ನೂ ಬಡ್ಡಿಯನ್ನೂ ಅದೇ ದಿನ ಹಿಂದಕ್ಕೆ ಕೊಡಿಸಿದನು. ಊರಿನ ಗೋಡೆಯು ಏಳುತ್ತಿರುವಾಗ ಊರಿನ ಬಡವನು ಬೀಳುತ್ತಿದ್ದರೆ ಆ ಗೋಡೆಯು ಯಾರಿಗಾಗಿ?

5. ಯೆರೆಮೀಯನು ಕೊಂಡ ಹೊಲ

ಬೆಹರ್ ಪಾಠವನ್ನು ಪ್ರತ್ಯೇಕವಾಗಿ ಓದುವ ವರುಷಗಳಲ್ಲಿ ಅದರೊಡನೆ ಯೆರೆಮೀಯನ 32ನೆಯ ಅಧ್ಯಾಯವನ್ನು ಓದುತ್ತಾರೆ. ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿತ್ತು, ಪ್ರವಾದಿಯು ಕಾವಲಲ್ಲಿದ್ದನು. ಆಗ ಅವನ ಚಿಕ್ಕಪ್ಪನ ಮಗನಾದ ಹನಮೇಲನು ಬಂದು, ಅನಾತೋತಿನ ಹೊಲವನ್ನು ಬಂಧುವಿನ ಹಕ್ಕಿನಿಂದ ಕೊಂಡುಕೊಳ್ಳೆಂದು ಕೇಳಿದನು. ಶತ್ರುವಿನ ಕೈಸೇರಲಿರುವ ಹೊಲವನ್ನು ಕೊಳ್ಳುವವರುಂಟೋ? ಆದರೂ ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟು, ಸಾಕ್ಷಿಗಳ ಮುಂದೆ ಕ್ರಯಪತ್ರವನ್ನು ಬರೆಯಿಸಿ, ಬಹುಕಾಲ ಉಳಿಯುವಂತೆ ಅದನ್ನು ಮಣ್ಣಿನ ಪಾತ್ರೆಯಲ್ಲಿಡಲು ಬಾರೂಕನಿಗೆ ಅಪ್ಪಣೆಕೊಟ್ಟನು. ಆ ಹೊಲದಿಂದ ಅವನಿಗೆ ಒಂದು ಸೇರು ಧಾನ್ಯವಾದರೂ ಬಂದಂತೆ ಬರೆದಿಲ್ಲ. ಬಂಧುವಿನ ಧರ್ಮವು ಲಾಭವನ್ನು ನೋಡದು. ದೇವರು ಈ ಭೂಮಿಯನ್ನು ಕೈಬಿಡಲಿಲ್ಲವೆಂಬ ನಂಬಿಕೆಯನ್ನು ನೋಡುವದು.

6. ನಜರೇತಿನಲ್ಲಿ

ನಮ್ಮ ಕರ್ತನು ನಜರೇತಿನ ಸಭಾಮಂದಿರದಲ್ಲಿ ಎದ್ದುನಿಂತು ಓದಿದ್ದು ಯೆಶಾಯನ 61ನೆಯ ಅಧ್ಯಾಯದ ಮಾತುಗಳನ್ನು. ಅಲ್ಲಿ ಸೆರೆಯವರಿಗೆ ಸಾರಲ್ಪಡುವ ಬಿಡುಗಡೆಗೆ ಇಬ್ರಿಯದಲ್ಲಿ ಯಾವ ಶಬ್ದವಿದೆಯೋ ಅದೇ ಶಬ್ದವು ಯಾಜಕಕಾಂಡ 25:10ರಲ್ಲಿ ಜೂಬಿಲಿಯ ಬಿಡುಗಡೆಗೂ ಇದೆ. ಆ ಮಾತು ಈಹೊತ್ತೇ ನೆರವೇರಿತೆಂದು ಆತನು ಹೇಳಿದನು. ಆದದರಿಂದ ಆತನ ಸಭೆಯವರು 50ನೆಯ ವರುಷಕ್ಕಾಗಿ ಕಾಯಬೇಕಾದದ್ದಿಲ್ಲ.

ಪ್ರಿಯರೇ, ನಮ್ಮ ದೇಶದಲ್ಲಿ 1976ರ ಶಾಸನವು ಜೀತವನ್ನು ರದ್ದುಮಾಡಿತು. ಆದರೆ ಮದುವೆಗಾಗಿಯೋ ರೋಗಕ್ಕಾಗಿಯೋ ಸಾಲಮಾಡಿ ಮೊದಲನೆಯ ಮೆಟ್ಟಲಿನಲ್ಲಿ ನಿಂತಿರುವವನನ್ನು ಹುಡುಕಿ ಹಿಡಿಯುವದು ಶಾಸನದಿಂದ ಆಗತಕ್ಕ ಕೆಲಸವಲ್ಲ. ಅದು ಸಹೋದರನ ಕೆಲಸ. ಹೊರೆಯು ಇನ್ನೂ ಬೆನ್ನಿನ ಮೇಲಿರುವಾಗಲೇ ಕೈಕೊಡೋಣ.

ಆಲೋಚನೆಗಾಗಿ ಪ್ರಶ್ನೆಗಳು

1. ಜೂಬಿಲಿಯ ಕೊಂಬನ್ನು ದೋಷಪರಿಹಾರದ ದಿನದಲ್ಲಿಯೇ ಊದಬೇಕಾದದ್ದು ಯಾಕೆ?
2. ಹಳ್ಳಿಯ ಮನೆಗೂ ಕೋಟೆಯೊಳಗಿನ ಮನೆಗೂ ಇದ್ದ ಭೇದವೇನು?
3. ನಾಲ್ಕು ಮೆಟ್ಟಲುಗಳನ್ನು ವಚನಸಹಿತ ಹೇಳಿರಿ. ಪ್ರತಿಯೊಂದರಲ್ಲಿ ಸಹೋದರನ ಕರ್ತವ್ಯವೇನು?
4. ನಷ್ಟವೆಂದು ತಿಳಿದೂ ಯೆರೆಮೀಯನು ಹೊಲವನ್ನು ಯಾಕೆ ಕೊಂಡನು?
5. ನಮ್ಮ ಸಭೆಯಲ್ಲಿ ಈಗ ಮೊದಲನೆಯ ಮೆಟ್ಟಲಿನಲ್ಲಿರುವವರು ಯಾರು? ಇದಕ್ಕೆ ಬಾಯಿಂದ ಉತ್ತರ ಹೇಳದೆ, ಈ ವಾರದೊಳಗೆ ಅವರ ಮನೆಗೆ ಹೋಗಿ ಬನ್ನಿರಿ.