ಸರ್ವರ್ ಆರಂಭವಾಗದಿದ್ದಾಗ: ಜೋಡಿ ಡಿಸ್ಕ್‌ಗಳ ಪರಿಶೀಲನೆ

ಉದ್ದೇಶ: ಶಾಲೆಯ ಲಿನಕ್ಸ್ ಸರ್ವರ್ ಆರಂಭವಾಗದಿದ್ದಾಗ ದೋಷದ ಮೂಲವನ್ನು ಕ್ರಮವಾಗಿ ಗುರುತಿಸುವುದು.

ವಿವರಣೆ: ರೇಡ್-1 ವ್ಯವಸ್ಥೆಯಲ್ಲಿ ಒಂದೇ ದತ್ತಾಂಶವು ಎರಡು ಡಿಸ್ಕ್‌ಗಳಲ್ಲಿಯೂ ದಾಖಲಾಗುತ್ತದೆ. ಆದರೆ ಯಂತ್ರವನ್ನು ಆರಂಭಿಸುವ ‘ಗ್ರಬ್’ ತಂತ್ರಾಂಶದ ಮೊದಲ ಭಾಗವು ಸಾಮಾನ್ಯವಾಗಿ ಈ ಜೋಡಣೆಯ ಹೊರಗಿರುತ್ತದೆ. ಅದನ್ನು ಮೊದಲನೆಯ ಡಿಸ್ಕ್‌ನಲ್ಲಿ ಮಾತ್ರ ಸ್ಥಾಪಿಸಿದ್ದು, ಆ ಡಿಸ್ಕ್ ಕೆಟ್ಟರೆ, ಎರಡನೆಯದರಲ್ಲಿ ದತ್ತಾಂಶವೆಲ್ಲ ಸುರಕ್ಷಿತವಾಗಿದ್ದರೂ ಸರ್ವರ್ ಆರಂಭವಾಗದು. ಇದನ್ನರಿಯದೆ ಫಾರ್ಮ್ಯಾಟ್ ಮಾಡಿದರೆ, ವರ್ಷಗಳಿಂದ ಕೂಡಿಸಿದ ಕನ್ನಡ ಪಾಠಸಾಮಗ್ರಿಯು ನಷ್ಟವಾಗುತ್ತದೆ. ಗಡಿನಾಡಿನ ಶಾಲೆಗೆ ಅದನ್ನು ಮರಳಿ ಪಡೆಯುವುದು ಸುಲಭವಲ್ಲ.

ಕ್ರಮ:
1. ಲೈವ್ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿ, ‘ಎಂಡಿಎಡಿಎಂ’ ಆದೇಶದಿಂದ ಜೋಡಣೆಯನ್ನು ಸಕ್ರಿಯಗೊಳಿಸಿರಿ.
2. ‘ಎಂಡಿಸ್ಟ್ಯಾಟ್’ ಕಡತವನ್ನು ಓದಿರಿ. ಆವರಣದಲ್ಲಿ ಎರಡು ‘ಯು’ ಅಕ್ಷರಗಳಿದ್ದರೆ ಜೋಡಣೆ ಪೂರ್ಣ. ಒಂದರ ಸ್ಥಾನದಲ್ಲಿ ಅಡಿಗೆರೆಯಿದ್ದರೆ ಒಂದು ಡಿಸ್ಕ್ ಹೊರಬಿದ್ದಿದೆ.
3. ಮೊದಲು ದತ್ತಾಂಶವನ್ನು ಹೊರಗಿನ ಡಿಸ್ಕ್‌ಗೆ ನಕಲಿಸಿರಿ.
4. ಅನಂತರ ಉಳಿದ ಡಿಸ್ಕ್‌ನಲ್ಲಿ ಗ್ರಬ್ ಅನ್ನು ಸ್ಥಾಪಿಸಿರಿ.
5. ಗಾತ್ರದಲ್ಲಿ ಕಡಿಮೆಯಿಲ್ಲದ ಹೊಸ ಡಿಸ್ಕ್ ಸೇರಿಸಿ, ಮರುಜೋಡಣೆ ಮುಗಿದ ಬಳಿಕ ಅದರಲ್ಲಿಯೂ ಗ್ರಬ್ ಅನ್ನು ಸ್ಥಾಪಿಸಿರಿ.

ಮನನಕ್ಕೆ: ರೇಡ್ ಎಂಬುದು ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದ ಕಡತವು ಎರಡೂ ಡಿಸ್ಕ್‌ಗಳಿಂದ ಅಳಿಯುತ್ತದೆ. ಪ್ರತ್ಯೇಕ ಪ್ರತಿಯೊಂದನ್ನು ಬೇರೆಡೆ ಇರಿಸುವುದು ಶಿಕ್ಷಕರ ಹೊಣೆ.