‘ಅಥ’ ಶಬ್ದದ ವಿಚಾರ

ಸಂಸ್ಕೃತ ಎಂ.ಎ. ತರಗತಿಯಲ್ಲಿ ವೇದಾಂತವನ್ನು ವಿಶೇಷ ವಿಷಯವನ್ನಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಸಾಮಾನ್ಯವಾಗಿ ಎದುರಾಗುವ ಗ್ರಂಥ ಬ್ರಹ್ಮಸೂತ್ರಗಳ ಶಾಂಕರಭಾಷ್ಯ. ಶಂಕರರ ಪಾಠದಂತೆ ಸೂತ್ರಗಳು 555. ಪಠ್ಯಕ್ಕೆ ಇಡುವುದು ಹೆಚ್ಚಾಗಿ ಮೊದಲ ನಾಲ್ಕು, ಅಂದರೆ ಚತುಃಸೂತ್ರೀ. ಇಷ್ಟೇ ಸಾಕೇ ಎಂದು ಹೊರಗಿನವರು ಕೇಳುವುದುಂಟು. ಮೊದಲ ಸೂತ್ರದ ಮೊದಲ ಪದವಾದ ‘ಅಥ’ ಎಂಬ ಎರಡಕ್ಷರಗಳ ಮೇಲೆ ಭಾಷ್ಯಕಾರರು ನಡೆಸಿರುವ ವಿಚಾರವನ್ನು ಕುಳಿತು ಓದಿದವರು ಹಾಗೆ ಕೇಳಲಾರರು.

‘ಅಥ’ ಎಂದರೆ ಆರಂಭವೇ, ಮಂಗಳವೇ, ಅಥವಾ ‘ಅನಂತರ’ವೇ? ಜಿಜ್ಞಾಸೆಯೆಂದರೆ ತಿಳಿಯುವ ಇಚ್ಛೆ. ಇಚ್ಛೆಯನ್ನು ಯಾರೂ ಸಂಕಲ್ಪಮಾಡಿ ಆರಂಭಿಸಲಾರರೆಂದು ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಆದ್ದರಿಂದ ಮೊದಲನೆಯ ಅರ್ಥ ನಿಲ್ಲದು. ಮಂಗಳವೆಂಬುದು ವಾಕ್ಯದಲ್ಲಿ ಅನ್ವಯಿಸದು. ಬೇರೆ ಅರ್ಥದಲ್ಲಿ ಪ್ರಯೋಗಿಸಿದರೂ ಆ ಶಬ್ದದ ಶ್ರವಣಮಾತ್ರದಿಂದಲೇ ಮಂಗಳವಾಗುವುದು. ಉಳಿದುದು ‘ಅನಂತರ’. ಯಾವುದರ ಅನಂತರ? ವೇದಾಧ್ಯಯನವು ಧರ್ಮಜಿಜ್ಞಾಸೆಗೂ ಸಮಾನವಾದುದು. ಧರ್ಮವಿಚಾರವನ್ನು ಮಾಡದಿದ್ದರೂ ವೇದಾಂತವನ್ನು ಓದಿದವನಿಗೆ ಬ್ರಹ್ಮಜಿಜ್ಞಾಸೆ ಉಂಟಾಗಬಹುದು. ಕಡೆಗೆ ನಿಲ್ಲುವುದು ಸಾಧನಚತುಷ್ಟಯ: ನಿತ್ಯಾನಿತ್ಯವಸ್ತುವಿವೇಕ, ಇಹಪರಗಳ ಭೋಗದಲ್ಲಿ ವಿರಾಗ, ಶಮದಮಾದಿ ಸಂಪತ್ತು ಮತ್ತು ಮುಮುಕ್ಷುತ್ವ.

ಶ್ರೀ ರಾಮಾನುಜರು ಇದನ್ನೊಪ್ಪದೆ ಕರ್ಮವಿಚಾರದ ಅನಂತರವೆಂದೇ ಹೇಳುತ್ತಾರೆ. ಶ್ರೀ ಮಧ್ವಾಚಾರ್ಯರಾದರೋ ಶಂಕರರು ಕೈಬಿಟ್ಟ ಮಂಗಳಾರ್ಥವನ್ನೂ ಸ್ವೀಕರಿಸಿ, ಅಧಿಕಾರಪ್ರಾಪ್ತಿಯ ಆನಂತರ್ಯವನ್ನೂ ಕೂಡಿಸುತ್ತಾರೆ. ಮನೆಯ ಸಂಪ್ರದಾಯ ಯಾವುದೇ ಇರಲಿ, ವಿದ್ಯಾರ್ಥಿಯು ಮೂರು ವಾದಗಳನ್ನೂ ಅವುಗಳ ಬಲದಿಂದಲೇ ನಿಲ್ಲಿಸಿ ತೋರಿಸಬೇಕು. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಗೆದ್ದದ್ದು ಗೆಲುವಲ್ಲ. ಮೈಸೂರಿನ ಪ್ರೊ. ಎಂ. ಹಿರಿಯಣ್ಣನವರು ತಮ್ಮ ವಿಶ್ವವಿದ್ಯಾನಿಲಯದ ಉಪನ್ಯಾಸಗಳ ಆಧಾರದಿಂದ 1932ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ಗ್ರಂಥದಲ್ಲಿ ಚಾರ್ವಾಕನಿಗೂ ಸ್ಥಾನವುಂಟು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವಿದೆ. ವಿಶ್ವವಿದ್ಯಾನಿಲಯವು ಕೇಳುವ ಅರ್ಹತೆ ಬಿ.ಎ. ಪದವಿ, ಶಂಕರರ ‘ಅಥ’ ಶಬ್ದವು ಕೇಳುವುದು ವೈರಾಗ್ಯ. ಅಂಕಪಟ್ಟಿಯಲ್ಲಿ ಶಮದಮಗಳಿಗೆ ಅಂಕಣವಿಲ್ಲ! ಅಧಿಕಾರವಿಲ್ಲದವನ ಓದು ಬರಿಯ ಶಬ್ದಜಾಲವೆಂದು ಹಳೆಯ ಪಂಡಿತರು ಹೇಳಿದರೆ ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದ ಮಾತ್ರಕ್ಕೆ ಯಾರೂ ಮುಮುಕ್ಷುವಾಗುವುದಿಲ್ಲ. ಆದರೆ ಬಾಲ್ಯದಿಂದ ಸ್ತೋತ್ರವಾಗಿ, ಪ್ರವಚನವಾಗಿ ಕೇಳಿದ ಮಾತುಗಳಿಗೆ ಇಂಥ ಕಟ್ಟುನಿಟ್ಟಾದ ಪರೀಕ್ಷೆಯೊಂದಿದೆಯೆಂಬುದು, ತನಗೆ ಏನಿಲ್ಲವೆಂಬುದು, ಈ ಓದಿನಿಂದಲೇ ಅನೇಕರಿಗೆ ಮೊದಲು ಗೋಚರವಾಗುತ್ತದೆ. ನನ್ನ ಮಟ್ಟಿಗೆ ಅದು ಸಣ್ಣ ಲಾಭವಲ್ಲ.

ನಗರಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳು ಈ ವಿಷಯವನ್ನು ಆರಿಸಿಕೊಳ್ಳುತ್ತೇವೆಂದರೆ ತಂದೆತಾಯಿಗಳು ಉದ್ಯೋಗದ ಚಿಂತೆಯಿಂದ ತಡೆಯುವುದು ಸಹಜ. ತಡೆಯುವ ಮುನ್ನ ತಾವೂ ಒಮ್ಮೆ ಓದಿನೋಡಬಹುದಲ್ಲವೇ? ಹೊಳೆನರಸೀಪುರದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಶಾಂಕರಭಾಷ್ಯವನ್ನು ಕನ್ನಡಕ್ಕೆ ತಂದಿದ್ದಾರೆ. ಮೂಲಕ್ಕೇ ಹೋಗಬಯಸುವವರಿಗಾಗಿ ಭಾಮತೀ, ಕಲ್ಪತರು, ಪರಿಮಳಗಳೊಡನೆ ಅದನ್ನು ಅಚ್ಚುಮಾಡಿದ್ದು ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯವೇ. ಆದರೆ ಅಲ್ಲಿಂದಲೇ ತೊಡಗಿದರೆ ಕೈಸೋತೀತು. ಅನ್ನಂಭಟ್ಟನ ತರ್ಕಸಂಗ್ರಹದಿಂದ ನ್ಯಾಯದ ಪರಿಭಾಷೆಯನ್ನು ಕಲಿತು, ಬಳಿಕ ಸದಾನಂದರ ವೇದಾಂತಸಾರವನ್ನು ಹಿಡಿಯುವುದು ಲೇಸು. ಸರಸ್ವತೀಪೂಜೆಗೆ ಇಟ್ಟ ಪುಸ್ತಕಗಳನ್ನು ವಿಜಯದಶಮಿಯಂದು ಮತ್ತೆ ಕೈಗೆತ್ತಿಕೊಳ್ಳುವಾಗ ತರ್ಕಸಂಗ್ರಹದ ಮೊದಲ ಪುಟವನ್ನು ತೆರೆಯಬಹುದು. ದಿನಕ್ಕೊಂದು ಲಕ್ಷಣವನ್ನು ಬಿಡಿಸಿಕೊಂಡು ಓದಿದರೂ ಸಾಕು.