ಸಾಮೆ ಸುಲಿಯುವ ಮನೆ ಗಿರಣಿ: ಕೊಳ್ಳುವ ಮುಂಚೆ ಅಳೆದು ನೋಡಿ

ರಾಗಿ, ಜೋಳ, ಸಜ್ಜೆಗೆ ಸಿಪ್ಪೆಯ ತಾಪತ್ರಯ ಇಲ್ಲ. ಕೇರಿ ಹಸನು ಮಾಡಿದರೆ ನೇರ ಬೀಸಬಹುದು. ಸಾಮೆ, ನವಣೆ, ಹಾರಕ, ಊದಲು, ಬರಗು, ಕೊರಲೆ, ಈ ಆರರ ಮೇಲೆ ಮಾತ್ರ ಒಂದು ಗಟ್ಟಿ ಸಿಪ್ಪೆ ಇದೆ. ಅದು ಬಿಟ್ಟರೇ ಅಕ್ಕಿ. ನಮ್ಮ ಬೆದ್ದಲಿನಿಂದ ಈ ಬೆಳೆಗಳು ಹಿಂದೆ ಸರಿಯಲು ಒಂದು ದೊಡ್ಡ ಕಾರಣ ಕುಟ್ಟುವ ಕಷ್ಟ. ಒನಕೆ ಹಿಡಿದವರಿಗೆ ವಯಸ್ಸಾಯಿತು, ಸೊಸೆಯಂದಿರಿಗೆ ಬೇರೆ ಕೆಲಸ ಬಂತು, ಸಾಮೆ ಬಿತ್ತೋದು ನಿಂತಿತು.

೨೦೧೮ನ್ನು ನಮ್ಮ ದೇಶ, ೨೦೨೩ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿದವು. ಕಾಳಿಗೆ ಹೆಸರು ಬಂತು. ಮೇಳಗಳಲ್ಲಿ ಮನೆಬಳಕೆಯ ಸಣ್ಣ ಗಿರಣಿಗಳೂ ಕಾಣಿಸಿಕೊಂಡವು. ಬೆಲೆ ಕೇಳಿದರೆ ಕರೆಯುವ ಹಸುವಿನ ಬೆಲೆಗೆ ಹತ್ತಿರ. ನಮ್ಮ ಪಕ್ಕದ ಊರಲ್ಲಿ ಹೆಂಗಸರ ಗುಂಪೊಂದು ಸಾಲ ಮಾಡಿ ತಂದ ಗಿರಣಿ ಮೇಲೆ ಈಗ ಕೋಳಿ ಕೂರುತ್ತವೆ. ಮೇಳದಲ್ಲಿ ನವಣೆ ಚೆನ್ನಾಗಿ ಸುಲಿದ ಗಿರಣಿ ಅದು. ಊರಿಗೆ ಬಂದ ಮೇಲೆ ಅವರ ಹಾರಕ ಅದರ ಮಾತು ಕೇಳಲಿಲ್ಲ. ಗಿರಣಿ ನಿಂತರೂ ಸಾಲದ ಕಂತು ನಿಲ್ಲಲಿಲ್ಲ.

ನಾವು ಆರು ಮನೆಯವರು ಸೇರಿ ಒಂದು ಗಿರಣಿ ತರೋದು ಅಂತ ಮಾತಾಡಿದಾಗ, ಎರಡು ಮಾದರಿಗಳನ್ನು ಪರೀಕ್ಷೆ ಮಾಡಿಯೇ ಆರಿಸಿದೆವು. ಪರೀಕ್ಷೆಗೆ ಬೇಕಾದ್ದು ಒಂದು ತಕ್ಕಡಿ, ಒಂದು ಗಡಿಯಾರ, ಒಂದು ಮೊರ, ಒಂದು ಕರೀ ಬಟ್ಟೆ ಮತ್ತು ನಿಮ್ಮದೇ ಕಾಳು.

ಕಾಳು ನಿಮ್ಮದೇ ಇರಲಿ

ಮಾರುವವರು ತೋರಿಸೋದು ಹೆಚ್ಚಾಗಿ ನವಣೆಯಲ್ಲಿ. ಅದು ಸುಲಭಕ್ಕೆ ಸುಲಿಯುವ ಕಾಳು, ಜರಡಿ ಹಿಡಿದು ಒಂದೇ ಗಾತ್ರ ಮಾಡಿಟ್ಟದ್ದು. ಹಾರಕದ ಸಿಪ್ಪೆ ಬಲು ಗಟ್ಟಿ. ನವಣೆ ಸುಲಿದ ಗಿರಣಿ ಹಾರಕ ಸುಲಿದೇ ತೀರುತ್ತೆ ಅಂತ ಇಲ್ಲ. ಆದ್ದರಿಂದ ನೀವು ಬೆಳೆಯುವ ಕಾಳನ್ನೇ ಚೀಲದಲ್ಲಿ ಕಟ್ಟಿಕೊಂಡು ಹೋಗಿ. ಎರಡು ಬಗೆ ಬೆಳೆಯುವವರು ಎರಡನ್ನೂ ಒಯ್ಯಿರಿ.

ಕಾಳು ಒಣಗಿರಬೇಕು. ಹಲ್ಲಲ್ಲಿ ಕಡಿದರೆ ಕಟಕ್ ಅನ್ನಬೇಕು. ಹಸಿ ಕಾಳಾದರೆ ಸಿಪ್ಪೆ ಅಂಟಿಕೊಳ್ಳುತ್ತೆ. ಅತಿ ಒಣಗಿದರೆ ಅಕ್ಕಿ ಒಡೆದು ನುಚ್ಚಾಗುತ್ತೆ. ಎರಡು ಗಿರಣಿ ಹೋಲಿಸುವಾಗ ಒಂದೇ ದಿನ ಒಣಗಿಸಿದ, ಒಂದೇ ರಾಶಿಯ ಕಾಳು ಬೇಕು.

ರಾಶಿಯಿಂದ ಮೇಲುಮೇಲೆ ತೆಗೆದರೆ ದಪ್ಪ ಕಾಳೊಂದು ಕಡೆ, ಜೊಳ್ಳೊಂದು ಕಡೆ ಆಗುತ್ತೆ. ಕಾಳನ್ನು ಗುಡ್ಡೆ ಹಾಕಿ, ನೆತ್ತಿ ತಟ್ಟಿ ಅಗಲ ಮಾಡಿ, ರೊಟ್ಟಿ ಮುರಿದಂತೆ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಒಂದು ಗಿರಣಿಗೆ, ಉಳಿದೆರಡು ಇನ್ನೊಂದಕ್ಕೆ. ಆಗ ಯಾವ ಗಿರಣಿಗೂ ಮೋಸ ಆಗೋದಿಲ್ಲ.

ಮೊದಲು ಕಾಳಿನ ಮಿತಿ ತಿಳ್ಕೊಳ್ಳಿ

ನೂರಕ್ಕೆ ಎಂಬತ್ತೈದು ಅಕ್ಕಿ ಕೊಡುತ್ತೆ ಅಂತ ಯಾರಾದರೂ ಹೇಳಿದರೆ, ನಿಮ್ಮ ಕಾಳಿನೊಳಗೆ ಅಷ್ಟು ಅಕ್ಕಿ ಇದೆಯೇ ಅಂತ ನೋಡಬೇಕಲ್ಲ! ಅದಕ್ಕೊಂದು ಉಪಾಯ ಇದೆ. ಹತ್ತು ಗ್ರಾಂ ಕಾಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಸಾಮೆಯಾದರೆ ಸುಮಾರು ನಾಲ್ಕೈದು ಸಾವಿರ ಕಾಳು ಬರುತ್ತೆ. ಹಲಗೆ ಮೇಲೆ ಹಳೇ ಸೈಕಲ್ ಟ್ಯೂಬಿನ ತುಂಡು ಹಾಸಿ, ಇನ್ನೊಂದು ತುಂಡಿನಿಂದ ಮೆಲ್ಲಗೆ ಉಜ್ಜಿ, ಊದಿ, ಉಳಿದ ಸಿಪ್ಪೆಯನ್ನು ಕೈಯಲ್ಲೇ ಬಿಡಿಸಿ. ಮಧ್ಯಾಹ್ನ ಕೂತು ಮಾಡೋ ಕೆಲಸ. ಬಂದ ಅಕ್ಕಿಯನ್ನು ಮತ್ತೆ ತೂಗಿ.

ಏಳೂವರೆ ಗ್ರಾಂ ಬಂತು ಅಂತ ಇಟ್ಕೊಳ್ಳಿ. ಹಾಗಾದರೆ ಐದು ಕಿಲೋ ಕಾಳಿನಲ್ಲಿ ಇರೋ ಅಕ್ಕಿ ೩ ಕಿಲೋ ೭೫೦ ಗ್ರಾಂ. ಯಾವ ಗಿರಣಿಯೂ ಅದಕ್ಕಿಂತ ಹೆಚ್ಚು ಕೊಡೋಕೆ ಸಾಧ್ಯವಿಲ್ಲ. ಹೆಚ್ಚು ಬಂದರೆ ಅದರಲ್ಲಿ ಸುಲಿಯದ ಕಾಳು ಉಳಿದಿದೆ ಅಂತಲೇ ಅರ್ಥ.

ತೂಗಿ, ಎಣಿಸಿ, ಮೂರು ಸಲ ಮಾಡಿ

ಗಿರಣಿಯನ್ನು ಮೊದಲು ಖಾಲಿ ಓಡಿಸಿ, ಒಳಗೆ ಉಳಿದ ಹಳೇ ಕಾಳು ಹೊರಬೀಳಲಿ. ಆಮೇಲೆ ಐದು ಕಿಲೋ ಹಾಕಿ, ಗಡಿಯಾರ ನೋಡಿ. ಬಂದದ್ದನ್ನು ಬೇರೆಬೇರೆ ತೂಗಿ: ಅಕ್ಕಿ, ನುಚ್ಚು, ಹೊಟ್ಟು-ತೌಡು. ಮೂರೂ ಕೂಡಿಸಿದರೆ ಐದು ಕಿಲೋಗೆ ಹತ್ತಿರ ಬರಬೇಕು. ಬಹಳ ಕಡಿಮೆ ಬಂದರೆ ಕಾಳು ಗಿರಣಿಯೊಳಗೆ ಕೂತಿದೆ, ಇಲ್ಲ ಗಾಳಿಗೆ ಹಾರಿದೆ. ಹೊಟ್ಟನ್ನೂ ಒಮ್ಮೆ ಮೊರದಲ್ಲಿ ಕೇರಿ. ಅದರಲ್ಲಿ ಅಕ್ಕಿ ಸಿಕ್ಕರೆ ಫ್ಯಾನಿನ ಗಾಳಿ ಜಾಸ್ತಿ ಇದೆ ಅಂತ. ಅದನ್ನು ಹೊಂದಿಸಲು ಬಾಗಿಲು ಇದೆಯಾ ಕೇಳಿ.

ಮುಂದಿನದು ಎಣಿಕೆ. ಬಂದ ಅಕ್ಕಿಯನ್ನು ಕಲಸಿ, ಒಂದು ಚಿಟಿಕೆ ಕರೀ ಬಟ್ಟೆ ಮೇಲೆ ಹರಡಿ, ನೂರು ಕಾಳು ಎಣಿಸಿ. ಅದರಲ್ಲಿ ಸುಲಿಯದ್ದು ಎಷ್ಟು ಬರೆದಿಡಿ. ಹೀಗೆ ನಾಲ್ಕೈದು ಚಿಟಿಕೆ ಎಣಿಸಿ ಸರಾಸರಿ ತೆಗೆಯಿರಿ. ಶಾಲೆಗೆ ಹೋಗೋ ಮಕ್ಕಳು ಈ ಕೆಲಸ ನಮಗಿಂತ ಚೆನ್ನಾಗಿ ಮಾಡ್ತಾರೆ.

ಎಣಿಕೆ ಯಾಕೆ ಬೇಕು ಅನ್ನೋದಕ್ಕೆ ಒಂದು ಲೆಕ್ಕ ನೋಡಿ. ಅಂಕಿಗಳು ತಿಳಿಯಲಿ ಅಂತ ನಾನೇ ಹಾಕಿದ್ದು. ಐದು ಕಿಲೋ ಸಾಮೆಗೆ ಮೊದಲ ಗಿರಣಿ ೩,೩೦೦ ಗ್ರಾಂ ಅಕ್ಕಿ ಕೊಟ್ಟಿತು, ಸುಲಿಯದ್ದು ನೂರಕ್ಕೆ ೪. ಎರಡನೇದು ೩,೫೦೦ ಗ್ರಾಂ ಕೊಟ್ಟಿತು, ಸುಲಿಯದ್ದು ನೂರಕ್ಕೆ ೧೨. ತಕ್ಕಡಿ ನೋಡಿದವರು ಎರಡನೇದೇ ವಾಸಿ ಅಂತಾರೆ. ಸುಲಿಯದ್ದನ್ನು ಕಳೆದು ನೋಡಿ: ಮೊದಲನೇದರಲ್ಲಿ ನಿಜವಾದ ಅಕ್ಕಿ ಸುಮಾರು ೩,೧೭೦ ಗ್ರಾಂ, ಎರಡನೇದರಲ್ಲಿ ೩,೦೮೦ ಗ್ರಾಂ. ಮೇಲಾಗಿ ಆ ಹನ್ನೆರಡನ್ನು ಮೊರದಲ್ಲಿ ಆರಿಸಿ ತೆಗೆಯೋದು ಮನೆ ಹೆಂಗಸರು. ಅವರ ಹೊತ್ತಿಗೆ ಬೆಲೆ ಕಟ್ಟದೆ ಯಾವ ಗಿರಣಿಯನ್ನೂ ಅಗ್ಗ ಅನ್ನಬಾರದು.

ಇದನ್ನು ಮೂರು ಸಲ ಮಾಡಿ. ಒಂದು ಸಲಕ್ಕೆ ಬಂದದ್ದು ಅದೃಷ್ಟ ಇರಬಹುದು. ಮೂರನೇ ಸಲದ ಹೊತ್ತಿಗೆ ಮೋಟಾರು ಕಾದಿರುತ್ತೆ, ಬೆಲ್ಟು ಸಡಿಲವಾಗಿರುತ್ತೆ. ಗಿರಣಿಯ ನಿಜ ಗುಣ ಆಗ ಹೊರಗೆ ಬರುತ್ತೆ. ಒಂದೇ ಸುತ್ತಿಗೆ ಪೂರ್ತಿ ಸುಲಿಯದಿದ್ದರೆ ಎರಡನೇ ಸುತ್ತು ಹಾಕೋದು ವಾಡಿಕೆ. ಆಗ ಎರಡೂ ಸುತ್ತಿನ ಹೊತ್ತು ಕೂಡಿಸಿ ಬರೆಯಿರಿ.

ಒಳಗೆ ಏನಾಗುತ್ತೆ

ಮನೆ ಗಿರಣಿಗಳಲ್ಲಿ ಎರಡು ಬಗೆ ಹೆಚ್ಚು. ಒಂದು, ಕಾಳನ್ನು ಜೋರಾಗಿ ಬೀಸಿ ಗೋಡೆಗೆ ಹೊಡೆಯುವ ಬಗೆ. ಆ ಏಟಿಗೆ ಸಿಪ್ಪೆ ಒಡೆಯುತ್ತೆ, ಅಕ್ಕಿ ಮೇಲಿನ ತೌಡು ಬಹುಪಾಲು ಉಳಿಯುತ್ತೆ. ವೇಗ ಹೆಚ್ಚಾದರೆ ನುಚ್ಚು, ಕಡಿಮೆಯಾದರೆ ಸುಲಿಯದ ಕಾಳು. ಆದ್ದರಿಂದ ವೇಗ ಹೊಂದಿಸಲು ಏನು ವ್ಯವಸ್ಥೆ ಅಂತ ಕೇಳಬೇಕು. ಇನ್ನೊಂದು, ಒರಟು ಎಮರಿ ಕಲ್ಲಿಗೆ ಉಜ್ಜುವ ಬಗೆ. ಗಟ್ಟಿ ಸಿಪ್ಪೆಗೂ ಬಗ್ಗುತ್ತೆ, ಆದರೆ ಹೆಚ್ಚು ಹೊತ್ತು ಬಿಟ್ಟರೆ ತೌಡನ್ನೂ ಕೆರೆದು ಹಾಕುತ್ತೆ. ಅಕ್ಕಿ ಬೆಳ್ಳಗೆ ಕಂಡರೆ ಹಿಗ್ಗಬೇಡಿ. ಸಿರಿಧಾನ್ಯದ ನಾರು, ಸತ್ವ ಬಹಳಷ್ಟು ಇರೋದು ಆ ತೌಡಿನಲ್ಲೇ.

ತೌಡಿನಲ್ಲಿ ಎಣ್ಣೆ ಅಂಶ ಇರೋದರಿಂದ ಸುಲಿದ ಅಕ್ಕಿ ಬೇಗ ಕಮಟು ಹಿಡಿಯುತ್ತೆ. ಸಿಪ್ಪೆ ಸಮೇತ ಇಟ್ಟ ಕಾಳು ವರ್ಷಗಟ್ಟಲೆ ಕೆಡದು. ಬೇಕಾದಾಗ ಬೇಕಾದಷ್ಟೇ ಸುಲಿಯಬಹುದು ಅನ್ನೋದೇ ಮನೆ ಗಿರಣಿಯ ದೊಡ್ಡ ಲಾಭ.

ಕರೆಂಟು ಮತ್ತು ಕೈಕಾಲು

ಮನೆಯ ಡಿಜಿಟಲ್ ಮೀಟರಿನಲ್ಲಿ ಸಣ್ಣ ದೀಪ ಮಿನುಗುತ್ತೆ. ಎಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಅಂತ ಮೀಟರ್ ಮೇಲೇ ಬರೆದಿರುತ್ತೆ. ೩೨೦೦ ಅಂತ ಇದ್ದರೆ, ಉಳಿದೆಲ್ಲ ಆರಿಸಿ ಗಿರಣಿ ಒಂದನ್ನೇ ಓಡಿಸಿ, ಒಂದು ನಿಮಿಷ ಎಣಿಸಿ. ನಿಮಿಷಕ್ಕೆ ೪೦ ಆದರೆ ಗಂಟೆಗೆ ೨,೪೦೦, ಅಂದರೆ ಮುಕ್ಕಾಲು ಯೂನಿಟ್. ಸಂಜೆ ವೋಲ್ಟೇಜ್ ಇಳಿದಾಗಲೂ ಒಮ್ಮೆ ಓಡಿಸಿ, ಆಮೇಲೆ ಕರೆಂಟು ತೆಗೆದು ಮೋಟಾರು ಮುಟ್ಟಿ ನೋಡಿ. ಕೈ ಇಡಲಾರದಷ್ಟು ಸುಟ್ಟರೆ ನಮ್ಮೂರ ಕರೆಂಟಿಗೆ ಅದು ಬಾಳೋದಿಲ್ಲ.

ಬೆಲ್ಟಿಗೆ ಮುಚ್ಚಳ ಇಲ್ಲದ ಗಿರಣಿ ಎಷ್ಟು ಅಗ್ಗವಾದರೂ ಬೇಡ. ಸೆರಗು, ಜಡೆ ಸಿಕ್ಕಿದರೆ ಬಿಡಿಸೋ ಹೊತ್ತು ಸಿಗೋದಿಲ್ಲ. ಅರ್ತ್ ಕನೆಕ್ಷನ್ ಇರಲೇಬೇಕು.

ಪರೀಕ್ಷೆಯ ದಿನ ಗಿರಣಿ ಬಿಚ್ಚಿ ತೊಳೆದಿಡೋ ಕೆಲಸವನ್ನು ಬಳಸುವವರ ಕೈಗೇ ಕೊಡಿ. ನಮ್ಮಲ್ಲಿ ಪಕ್ಕದ ಮನೆಯ ಅಜ್ಜಿಗೆ ಕೊಟ್ಟೆವು. ಅವರು ಒಂದರ ಮುಚ್ಚಳ ಎತ್ತಿ, "ಏನಪ್ಪಾ, ಇದಕ್ಕೆ ಸ್ಪಾನರ್ ಹಿಡಿದು ನಿನ್ನನ್ನೇ ಕರೀಬೇಕಾ?" ಅಂದರು. ಮೂಲೆಯಲ್ಲಿ ಕಾಳು ಉಳಿದರೆ ಹುಳ ಬೀಳುತ್ತೆ. ಕೈಯಿಂದ ಬಿಚ್ಚೋಕೆ ಬಾರದ ಗಿರಣಿ ಯಾರೂ ತೊಳೆಯೋದಿಲ್ಲ.

ಕೊನೇ ಪರೀಕ್ಷೆ ಒಲೆ ಮೇಲೆ

ಎರಡೂ ಗಿರಣಿಯ ಅಕ್ಕಿಯನ್ನು ಒಂದೇ ಅಳತೆ, ಒಂದೇ ನೀರು, ಒಂದೇ ಬೆಂಕಿಯಲ್ಲಿ ಬೇಯಿಸಿ. ತಟ್ಟೆಗಳ ಅಡಿಗೆ ೧, ೨ ಅಂತ ಬರೆದು ಬಡಿಸಿ. ಯಾವುದು ಯಾವ ಗಿರಣಿಯದು ಅಂತ ಉಣ್ಣುವವರಿಗೆ ಗೊತ್ತಾಗಬಾರದು. ಗೊತ್ತಾದರೆ ನಾಲಿಗೆಗಿಂತ ಮೊದಲು ಬೆಲೆ ಮಾತಾಡುತ್ತೆ. ಸಿಪ್ಪೆ ಹಲ್ಲಿಗೆ ಸಿಕ್ಕಿತೇ, ಕಲ್ಲು ಸಿಕ್ಕಿತೇ, ಮುದ್ದೆಯಾಯಿತೇ, ಮಕ್ಕಳು ಇನ್ನೊಮ್ಮೆ ಹಾಕಿಸಿಕೊಂಡರೇ ಬರೆದಿಡಿ.

ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು

* ಬೆಲ್ಟು, ಬೇರಿಂಗು ಸಾಮಾನ್ಯ ನಂಬರಿನವೇ? ತಾಲ್ಲೂಕು ಅಂಗಡಿಯಲ್ಲಿ ಸಿಗುತ್ತವೆಯೇ?
* ಸವೆಯುವ ಭಾಗ ಯಾವುದು, ಬೆಲೆ ಎಷ್ಟು? ಒಂದು ಜೊತೆ ಈಗಲೇ ಕೊಡ್ತಾರೆಯೇ?
* ಯಾವ ಕಾಳಿಗೆ ಯಾವ ಜರಡಿ? ಎಲ್ಲ ಜರಡಿ ಬೆಲೆಯಲ್ಲೇ ಸೇರಿದೆಯೇ?
* ಕೆಟ್ಟರೆ ರಿಪೇರಿಗೆ ಅವರು ಬರ್ತಾರೋ, ನಾವು ಹೊತ್ತೊಯ್ಯಬೇಕೋ? ಇದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.
* ಇದೇ ಗಿರಣಿಯನ್ನು ಎರಡು ವರ್ಷ ಬಳಸಿದವರ ಊರು ಯಾವುದು? ಬಸ್ ಚಾರ್ಜು ಖರ್ಚಾದರೂ ಹೋಗಿ ನೋಡಿ.

ನಮ್ಮ ಆರು ಮನೆಯವರು ಆರಿಸಿದ್ದು ಎರಡರಲ್ಲಿ ನಿಧಾನದ ಗಿರಣಿ. ಸುಲಿಯದ ಕಾಳು ಅದರಲ್ಲಿ ಕಡಿಮೆ, ಮುಚ್ಚಳ ಕೈಯಲ್ಲೇ ಬಿಚ್ಚುತ್ತೆ. ವಾರಕ್ಕೊಂದು ದಿನ ಒಂದೊಂದು ಮನೆಯ ಸರದಿ. ಹಾಗಾಗಿ ನಿಧಾನ ಯಾರಿಗೂ ತೊಡಕಾಗಿಲ್ಲ. ಬಂದ ಮುಂಗಾರಿಗೆ ನಾಲ್ಕು ಮನೆಯವರು ಬೆದ್ದಲಿನಲ್ಲಿ ಮತ್ತೆ ಸಾಮೆ ಬಿತ್ತಿದೆವು. ಹಾರಕ, ಕೊರಲೆ ಬೆಳೆಯುವ ಊರಿನವರು ಈ ಪರೀಕ್ಷೆ ಮಾಡಿ ನೋಡಿದರೆ ನಿಮ್ಮ ಅಂಕಿಗಳನ್ನು ಪತ್ರಿಕೆಗೆ ಬರೆಯಿರಿ. ನಾಲ್ಕು ಊರಿನ ತೂಕ ಒಂದೆಡೆ ಸೇರಿದರೆ ಮುಂದೆ ಕೊಳ್ಳುವವರಿಗೆ ಅದೇ ದಾರಿ ತೋರಿಸುತ್ತೆ.